ಒಬ್ಬರೇ, ಸೇರಿಸಲೇ?

ಕಿಟಕಿಯ ಬೆಳಕು ಕಂಪ್ಯೂಟರ್ ಪರದೆಯ ಮೂಲೆಯಿಂದ ಜಾರುತ್ತಿದೆ, ಎದುರು ಮೇಜಿನವರು ಆಗಲೇ ಎದ್ದುಹೋದರೇನೋ, ಹೇಳದೆಯೇ, ಅಥವಾ ಹೇಳಿದ್ದು ನನಗೇ ಕೇಳಿಸಲಿಲ್ಲವೋ — ಇನ್ನೊಂದು ಜೋಡಿ ಹೆಸರು, ಒಂದಕ್ಷರವಷ್ಟೇ ಬೇರೆ, ಟೈಪು ಮಾಡಿದವರ ಬೆರಳು ಜಾರಿದ್ದು, ಸೇರಿಸು. ಆಸ್ಪತ್ರೆಯ ಹಳೆಯ ದಾಖಲೆಗಳಲ್ಲಿ ಎಷ್ಟೋ ರೋಗಿಗಳು ಎರಡೆರಡು ಕಡೆ ಕೂತಿದ್ದಾರೆ, ಅವರನ್ನು ಹಿಡಿಯುವ ಸೂತ್ರ ಬರೆದವಳು ನಾನು, ಸಂಜೆ ತರಗತಿಯಲ್ಲಿ ಕಲಿತದ್ದು, ಅನುಮಾನವಿದ್ದ ಅಕ್ಷರದ ಜಾಗದಲ್ಲಿ ಒಂದು ಚುಕ್ಕಿ ಇಡಿ, ಯಾವ ಅಕ್ಷರ ಬಂದರೂ ಅದು ಒಪ್ಪುತ್ತೆ, ಎಂದಿದ್ದರು ಮೇಷ್ಟ್ರು, ಆಗ ಯಾಕೋ ನೆನಪಾದದ್ದು ನಮ್ಮ ಬಾಗಿಲ ಹಿಂದಿನ ಮೊಳೆ, ಯಾರ ಚೀಲ ತಂದು ತಗುಲಿಸಿದರೂ ಸುಮ್ಮನಿರುವ ಮೊಳೆ. ಹೆಸರು ಹೋಲಬೇಕು, ಹುಟ್ಟಿದ ದಿನ ಒಂದೇ ಇರಬೇಕು, ಮನೆಯೂ ಒಂದೇ, ಮೂರೂ ಕೂಡಿದರೆ ಒಬ್ಬರೇ, ಇದರಲ್ಲಿ ತಪ್ಪೆಲ್ಲಿ, ಮತ್ತೆ ಮತ್ತೆ ನೋಡಿದ್ದೇನೆ, ಇನ್ನೊಮ್ಮೆ ನೋಡುತ್ತೇನೆ. ಏನಮ್ಮಾ, ಇನ್ನೂ ಮುಗೀಲಿಲ್ವಾ, ಅದೇನು ಚುಕ್ಕೀನೋ ಬಂಡೇನೋ, ಬೆಳಿಗ್ಗೆಯಿಂದ ತಳ್ತಾನೇ ಇದ್ದೀಯಲ್ಲ — ಮೇಲಧಿಕಾರಿ ನಕ್ಕು ಹೊರಟರು, ನಾನೂ ನಕ್ಕೆ, ಅವರು ಬಾಗಿಲು ದಾಟಿದ ಮೇಲೂ ನಗುತ್ತಲೇ ಇದ್ದೆ, ಮುಂದಿನ ಜೋಡಿ — ನಮ್ಮ ಮನೆಯ ವಿಳಾಸ.

ಅಕ್ಕ, ನಾನು. ಒಂದೇ ದಿನ, ಒಂದೇ ಮನೆ, ಒಂದಕ್ಷರ ಬೇರೆ, ಒಬ್ಬಳನ್ನ ಕೂಗಿದ್ರೆ ಇಬ್ಬರೂ ಓಡಿ ಬರ್ತೀರಲ್ಲೇ, ಕೆಲಸ ಅಂದ್ರೆ ಮಾತ್ರ ಒಬ್ಬಳೂ ಇಲ್ಲ, ಅಮ್ಮ ಗೊಣಗುತ್ತಿದ್ದಳು, ಅಮ್ಮನೂ ಈಗಿಲ್ಲ. ಒಬ್ಬರೇ, ಸೇರಿಸಲೇ ಎಂದು ಪರದೆ ಕೇಳುತ್ತಿದೆ. ಅವಳಿಗಳು! ಸೂತ್ರ ಬರೆಯುವಾಗ ಅವಳಿಗಳನ್ನೇ ಮರೆತಿದ್ದೇನೆ, ಯಾರು ಮರೆತರೂ ಸರಿ, ನಾನು ಹೇಗೆ ಮರೆತೆ, ಅಷ್ಟು ಕಾಲವಾಯಿತೇ ಒಬ್ಬಳೇ ಆಗಿ. ಸೇರಿಸಿದರೆ ಉಳಿಯುವುದು ಉದ್ದನೆಯ ದಾಖಲೆ, ಅದು ಅಕ್ಕನದು, ಅದರ ಕೊನೆಯ ಸಾಲಿನಲ್ಲಿ ಮರಣ ಎಂದಿದೆ, ನಾನೂ ಅದರೊಳಗೆ ನುಸುಳಿಕೊಳ್ಳುತ್ತೇನೆ, ಆ ಕಡೆ ಸರಿಯೇ ಅಂದರೆ ಅಕ್ಕ ಹಾಸಿಗೆಯಲ್ಲಿ ಸರಿಯುತ್ತಿದ್ದಳು, ಕಾಲು ಮಾತ್ರ ನನ್ನ ಮೇಲೇ — ಬೆಚ್ಚಗಿರುತ್ತಿತ್ತು. ಬೆರಳು ಕೀಲಿಯ ಮೇಲೇ ಇದೆ. ಬೆಳಿಗ್ಗೆಯಿಂದ ಇನ್ನೆಷ್ಟು ಅವಳಿಗಳನ್ನು ಸೇರಿಸಿಬಿಟ್ಟೆನೋ, ಒಬ್ಬಳ ಔಷಧಿ ಇನ್ನೊಬ್ಬಳಿಗೆ, ಸತ್ತವಳ ಸಾಲು ಬದುಕಿರುವವಳಿಗೆ, ಹಳೆಯ ಪ್ರತಿ ಇದೆ, ಎಲ್ಲವನ್ನೂ ಬಿಚ್ಚಬೇಕು, ನಾಳೆ ಮೇಲಧಿಕಾರಿಯ ಮುಂದೆ ನಿಂತು, ಸರ್, ನನ್ನ ಸೂತ್ರ ತಪ್ಪು ಅನ್ನಬೇಕು, ನಿನ್ನನ್ನ ನಂಬಿದ್ನಲ್ಲಮ್ಮಾ ಅಂತಾರೆ, ಅನ್ನಲಿ. ಬೇಡ ಎಂಬುದನ್ನು ಒತ್ತಿದೆ. ಇಬ್ಬರೂ ಉಳಿದೆವು, ಒಬ್ಬಳ ಕೆಳಗೊಬ್ಬಳು. ಇದನ್ನು ಯಾರಿಗೆ ಹೇಳಲಿ, ಮನೆಗೆ ಹೋಗಿ, ಬಾಗಿಲು ಹಾಕಿ, ನನ್ನ ಚೀಲ ನನ್ನ ಮೊಳೆಗೆ, ಪಕ್ಕದಲ್ಲಿ ಅವಳ ಮೊಳೆ, ಅವಳು ಹೋದ ಮೇಲೆ ಅದಕ್ಕೆ ಇವತ್ತಿನವರೆಗೆ ಒಂದು ಛತ್ರಿಯನ್ನೂ ತಗುಲಿಸಿಲ್ಲ, ಅವಳ ಮೊಳೆ, ಬರಿಯ ಮೊಳೆ —