ಹಿಂದಿನ ಸೀಟಿನ ಭಾರ

ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಅಂತಾರಲ್ಲ, ನಮ್ಮ ಮನೆಯ ಬೈಕಿನ ಕಥೆ ಅದೇ ಆಗಿತ್ತು. ಎತ್ತು ನಾನು. ಕೋಣ ಯಾರು ಅಂತ ಬಾಯಿಬಿಟ್ಟು ಹೇಳುವಂತಿಲ್ಲ, ಅವರು ನನಗೆ ಹೆಣ್ಣು ಕೊಟ್ಟ ಮಾವ.

ಬೈಕು ಅವರದೇ. ದೂರದ ಪ್ರಯಾಣಕ್ಕೆಂದೇ ಮಾಡಿದ ಎಮ್ಮೆಯಂಥ ಗಾಡಿ. ಎರಡೂ ಪಕ್ಕಕ್ಕೆ ಪೆಟ್ಟಿಗೆ, ಮುಂದೆ ಗಾಳಿ ತಡೆಯುವ ಗಾಜು. ಔಷಧಿ ಮಾರುವ ಕೆಲಸದಲ್ಲಿ ಊರೂರು ಅಲೆದ ಮನುಷ್ಯ ರಜೆ ಬಂದರೆ ಮತ್ತೆ ಅದನ್ನೇ ಏರಿ ಅಲೆಯುತ್ತಿದ್ದರು. ಒಬ್ಬರೇ. ಹಿಂದಿನ ಸೀಟಿನಲ್ಲಿ ಟೆಂಟು ಕೂರುತ್ತಿತ್ತೇ ಹೊರತು ಅತ್ತೆ ಒಂದು ದಿನವೂ ಕೂತದ್ದಿಲ್ಲ. ಹೋದ ವರ್ಷ ಕಣ್ಣಿನ ಡಾಕ್ಟರು, ಪಕ್ಕದ ನೋಟ ಹೋಗಿದೆ, ಇನ್ನು ಓಡಿಸಬೇಡಿ ಎಂದುಬಿಟ್ಟರು. ಮಾವ ಮನೆಗೆ ಬಂದವರೇ ಕೀಲಿಯನ್ನು ನನ್ನ ತಟ್ಟೆಯ ಪಕ್ಕ ಕುಕ್ಕಿದರು.

"ಇಟ್ಕೊಳ್ಳಿ. ಹಾಳು ಮಾಡ್ಬೇಡಿ."

ಕೀಲಿ ಕೊಟ್ಟರು, ಗಾಡಿ ಕೊಡಲಿಲ್ಲ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅಂತಾರೆ. ಇಲ್ಲಿ ದೇವರೂ ಅವರೇ, ಪೂಜಾರಿಯೂ ಅವರೇ. ಅವರ ಮನೆ ಮೇಲೆ, ನಮ್ಮದು ಕೆಳಗೆ, ಗಾಡಿ ನಿಲ್ಲುವ ಶೆಡ್ಡು ಇಬ್ಬರಿಗೂ ಸೇರಿದ್ದು. ನಾನು ಒಂದು ವಾರ ರಜೆ ಹಾಕಿ ಕಡಲ ತೀರದ ದೀಪಸ್ತಂಭದವರೆಗೆ ಹೋಗಿಬರುತ್ತೇನೆ ಎಂದಾಗ ಅವರು ಊಟ ಬಿಟ್ಟು ಎದ್ದರು. ಅದು ಅವರು ಪ್ರತಿ ವರ್ಷ ಹೋಗುತ್ತಿದ್ದ ಜಾಗ. ರಸ್ತೆ ಸಮುದ್ರಕ್ಕೆ ಸಿಕ್ಕಿ ಮುಗಿಯುವ ಆ ದಾರಿಯ ವರ್ಣನೆ ಕೇಳಿ ಕೇಳಿ ನನಗೆ ಬಾಯಿಪಾಠವಾಗಿತ್ತು. ಅವರನ್ನು ಬಿಟ್ಟು ಗಾಡಿ ಅಲ್ಲಿಗೆ ಹೊರಟಿದ್ದು ಇದೇ ಮೊದಲು. ಅವರ ಹೊಟ್ಟೆ ಉರಿಯುತ್ತಿದ್ದುದು ಮನೆಯವರಿಗೆಲ್ಲ ಗೊತ್ತಿತ್ತು.

ಅಲ್ಲಿಂದ ಯುದ್ಧ. ನಾನು ಸಣಕಲ, ಹಾಗಾಗಿ ಹಿಂದಿನ ಚಕ್ರದ ಸ್ಪ್ರಿಂಗನ್ನು ಮೆದು ಮಾಡಿಟ್ಟೆ. ಬೆಳಗ್ಗೆ ಎದ್ದು ನೋಡಿದರೆ ಅದು ಬಿಗಿಯಾಗಿ ಕೂತಿದೆ.

"ಮಾವ, ಸ್ಪ್ರಿಂಗ್ ತಿರುಗಿಸಿದ್ದು ನೀವಾ?"

"ದಿನಾ ಲ್ಯಾಬಲ್ಲಿ ಕೂತು ಕಟ್ಟು ಹಲ್ಲಿನ ಸೆಟ್ಟು ಮಾಡೋರು ನೀವು. ಸಡ್ಲ ಇದ್ರೆ ಏನಾಗುತ್ತೆ ಅಂತ ನಾನು ಹೇಳ್ಕೊಡ್ಬೇಕಾ?"

"ನನ್ನ ತೂಕಕ್ಕೆ ಇಷ್ಟು ಬಿಗಿ ಆದ್ರೆ ಸೊಂಟ ಮುರಿಯುತ್ತೆ."

"ನಿಮ್ಮ ತೂಕ ಒಂದನ್ನೇ ಲೆಕ್ಕ ಹಾಕೋದಾದ್ರೆ ಸ್ಪ್ರಿಂಗೇ ಬೇಕಾಗಿಲ್ಲ, ಅಳಿಯಂದಿರೇ."

ಮಾವನಿಗೆ ಕೋಪ ಏರಿದಷ್ಟೂ ಮರ್ಯಾದೆ ಏರುತ್ತದೆ. ನಾನು ಸ್ಪ್ರಿಂಗ್ ಮತ್ತೆ ಮೆದು ಮಾಡಿದೆ. ಅವರು ಮತ್ತೆ ಬಿಗಿ ಮಾಡಿದರು, ಜೊತೆಗೆ ಹಿಂದಿನ ಟೈರಿಗೆ ಸಿಕ್ಕಾಪಟ್ಟೆ ಗಾಳಿ ತುಂಬಿದರು. ಮರುದಿನ ಚೈನನ್ನು ಸಡಿಲ ಬಿಟ್ಟರು. ಅದರ ಮರುದಿನ ಹೆಡ್‌ಲೈಟು ಹೊಸ ಸೊಸೆಯ ಹಾಗೆ ತಲೆ ತಗ್ಗಿಸಿ ನೆಲ ನೋಡುತ್ತಿತ್ತು. ಶೆಡ್ಡಿಗೆ ಬೀಗ ಜಡಿದೆ. ಅವರ ಹತ್ತಿರ ಇನ್ನೊಂದು ಕೀಲಿ ಇತ್ತು.

ಹೊರಡುವ ಹಿಂದಿನ ಸಂಜೆ ಶೆಡ್ಡಿಗೆ ಹೋದರೆ ಮಾವ ನೆಲಕ್ಕೆ ಕೂತು, ಕತ್ತನ್ನು ಪೂರ್ತಿ ಹೊರಳಿಸಿ, ಇರುವಷ್ಟು ನೋಟದಲ್ಲಿ ಸ್ಪ್ಯಾನರ್ ತಿರುಗಿಸುತ್ತಿದ್ದರು. ನನ್ನ ಮೈಯೆಲ್ಲ ಉರಿದುಹೋಯಿತು.

"ನಿಮಗೆ ಓಡ್ಸೋಕಾಗಲ್ಲ ಅಂತ ನಾನೂ ಓಡಿಸ್ಬಾರ್ದಾ?"

ಅವರು ಸ್ಪ್ಯಾನರನ್ನು ಒರೆಸಿ ಬಟ್ಟೆಯ ಮೇಲಿಟ್ಟರು. ಗೋಡೆ ಸವರಿಕೊಂಡು ಮೆಟ್ಟಿಲು ಹತ್ತಿ ಹೋದರು. ಬೈಯುತ್ತಾರೆ ಅಂತ ಕಾದಿದ್ದ ನನಗೆ ಅದು ಬೈಗುಳಕ್ಕಿಂತ ಕೆಟ್ಟದಾಯಿತು.

ಆದರೂ ಹಟ. ಎದುರು ಗೋಡೆಯ ಮೇಲೆ ಬೆಳಕು ಬೀಳಬೇಕಾದ ಎತ್ತರಕ್ಕೆ ಸೀಮೆಸುಣ್ಣದಲ್ಲಿ ಗೆರೆ ಎಳೆದು, ಗಾಡಿ ಏರಿ ಹೆಡ್‌ಲೈಟು ಹಚ್ಚಿದೆ. ಬೆಳಕು ಗೆರೆಯಿಂದ ಎಷ್ಟೋ ಕೆಳಗಿತ್ತು. ಒಣಗಿಹಾಕಲು ಒದ್ದೆ ಬಟ್ಟೆಯ ಬುಟ್ಟಿ ಹಿಡಿದು ಹೊರಟಿದ್ದ ಹೆಂಡತಿಯನ್ನು ಕರೆದೆ.

"ನೋಡು ನಿಮ್ಮಪ್ಪನ ಕೆಲಸ. ಇವರಿಗೆ ತಲೆ ನೆಟ್ಟಗಿದೆಯಾ?"

"ನಿಮ್ಮಿಬ್ಬರ ಪುರಾಣ ನಿಂತ್ಕೊಂಡು ಕೇಳೋಕೆ ನನ್ನ ಕೈಲಾಗಲ್ಲ" ಎಂದು ಅವಳು ಬುಟ್ಟಿ ಸಮೇತ ನನ್ನ ಹಿಂದೆ ಹತ್ತಿ ಕೂತಳು. ಗಾಡಿಯ ಹಿಂಭಾಗ ಕುಸಿಯಿತು, ಮುಂಭಾಗ ಎದ್ದಿತು. ಗೋಡೆಯ ಮೇಲೆ ಬೆಳಕು ಮೇಲೇರಿ ಸರಿಯಾಗಿ ಗೆರೆಯ ಮೇಲೆ ಕೂತಿತು.

"ಸರಿ ಇದೆಯಲ್ರೀ."

ನಾನು ಕೈ ಇಳಿಬಿಟ್ಟು ಚೈನನ್ನು ಬೆರಳಿನಿಂದ ಎತ್ತಿ ನೋಡಿದೆ. ಭಾರ ಬಿದ್ದು ಬಿಗಿದುಕೊಂಡಿತ್ತು, ಎಷ್ಟು ಬೇಕೋ ಅಷ್ಟೇ. ಸ್ಪ್ರಿಂಗೂ ಸರಿ, ಟೈರೂ ಸರಿ. ಗಾಡಿಯಲ್ಲಿ ಇಬ್ಬರಿದ್ದರೆ ಎಲ್ಲವೂ ಸರಿ.

"ನೀನೇನಾದ್ರೂ ನನ್ನ ಜೊತೆ ಬರ್ತೀನಿ ಅಂತ ಅಪ್ಪಂಗೆ ಹೇಳಿದ್ಯಾ?"

"ನಾನಾ? ಬೀದಿ ತುದಿ ಮುಟ್ಟೋದ್ರೊಳಗೆ ವಾಂತಿ ಮಾಡ್ಕೋತೀನಿ. ಅಪ್ಪಂಗೆ ಗೊತ್ತಿಲ್ವಾ ಅದು?" ಎಂದವಳು ಬುಟ್ಟಿಯನ್ನು ತೊಡೆಯ ಮೇಲೆ ಸರಿಸಿಕೊಂಡಳು. ಆಮೇಲೆ ಮೆಲ್ಲಗೆ ಹೇಳಿದಳು, "ನಿನ್ನೆ ಅಪ್ಪ ಹಳೇ ಬೈಕ್ ಜಾಕೆಟ್ ತೆಗೆದು ಬಿಸಿಲಿಗೆ ಹಾಕಿದ್ರು. ಯಾಕೆ ಅಂದ್ರೆ ಹುಳ ಹಿಡಿಯುತ್ತೆ ಅಂದ್ರು."

ನನಗೆ ನಾಚಿಕೆಯಾಯಿತು. ಬಾಯಲ್ಲಿ ಕೇಳಲಾಗದ್ದನ್ನು ಆ ಮನುಷ್ಯ ವಾರವಿಡೀ ಸ್ಪ್ಯಾನರಿನಲ್ಲಿ ಕೇಳಿದ್ದರು, ನಾನು ಪ್ರತಿ ಸಲವೂ ಬಿಚ್ಚಿ ಬಿಸಾಕಿದ್ದೆ.

ಮೇಲೆ ಹೋದೆ. ಮಾವ ಕಿಟಕಿಯ ಕಡೆ ತಿರುಗಿ ಕೂತಿದ್ದರು. ಬನ್ನಿ ಎಂದು ನೇರವಾಗಿ ಕರೆದರೆ ಒಲ್ಲೆ ಎನ್ನುವ ಜಾತಿ ಅದು.

"ಮಾವ, ಹಿಂದೆ ಭಾರ ಇಲ್ಲದೆ ಗಾಡಿ ಕುಣಿಯುತ್ತೆ. ಒಂದು ಮರಳು ಮೂಟೆ ಕಟ್ಕೊಂಡು ಹೋಗೋಣ ಅಂತಿದೀನಿ."

"ಮೂಟೆ ತಿರುವಿನಲ್ಲಿ ಬಾಗಲ್ಲ. ಬೀಳ್ತೀರ."

"ಬಾಗೋ ಮೂಟೆ ಎಲ್ಲಾದ್ರೂ ಸಿಗುತ್ತಾ?"

ಮಾವ ಕನ್ನಡಕ ತೆಗೆದರು, ಒರೆಸಿದರು, ಹಾಕಿಕೊಂಡರು. "ಅಳಿಯಂದಿರಿಗೆ ಅಷ್ಟು ಅವಶ್ಯ ಇದ್ರೆ ಯೋಚ್ನೆ ಮಾಡೋಣ."

"ಯೋಚ್ನೆ ಏನು ಬಂತು" ಎಂದರು ಅತ್ತೆ ಒಳಗಿನಿಂದ. "ಬ್ಯಾಗು ಆಗ್ಲೇ ಕಟ್ಟಿ ಮಂಚದ ಕೆಳಗೆ ಇಟ್ಟಿದಾರೆ. ಕರ್ಕೊಂಡು ಹೋಗಪ್ಪ, ಒಂದು ವಾರ ನಾನೂ ಉಸಿರಾಡ್ತೀನಿ."

ಬೆಳಗ್ಗೆ ಜಾಕೆಟ್ ತೊಟ್ಟು, ಹೆಲ್ಮೆಟ್ ಬಿಗಿದು, ಮಾವ ಹಿಂದೆ ಹತ್ತಿದರು. ನಾನು ಇಂಜಿನ್ ಶುರು ಮಾಡಿ ಕಾದೆ. ಅವರ ಕೈಗಳು ಒಮ್ಮೆ ಪೆಟ್ಟಿಗೆ ಮುಟ್ಟಿದವು, ಒಮ್ಮೆ ತಮ್ಮದೇ ಮೊಣಕಾಲು ಮುಟ್ಟಿದವು. ಆಮೇಲೆ, ಅತ್ತೆಗೆ ಕೇಳಿಸದ ದನಿಯಲ್ಲಿ ಕೇಳಿದರು.

"ಹಿಂದೆ ಕೂತೋರು ಕೈ ಎಲ್ಲಿ ಇಟ್ಕೋತಾರೆ?"

ಚುಚ್ಚಲು ಒಳ್ಳೆಯ ಮಾತೊಂದು ನಾಲಿಗೆಯ ತುದಿಗೆ ಬಂದಿತ್ತು. ನುಂಗಿದೆ. "ನನ್ನ ಸೊಂಟ ಹಿಡ್ಕೊಳ್ಳಿ, ಮಾವ."

ಹಿಡಿದುಕೊಂಡರು. ಗಾಡಿ ಹೊರಟಿತು. ನಾನು ಗೇರು ಬದಲಿಸಬೇಕಾದ ಹೊತ್ತಿಗೆ, ನನಗಿಂತ ಒಂದು ಚೂರು ಮೊದಲೇ, ಅವರ ಎಡಗೈ ನನ್ನ ಪಕ್ಕೆಯನ್ನು ಕ್ಲಚ್ಚು ಹಿಡಿದ ಹಾಗೆ ಹಿಂಡಿತು. ಮುಂದಿನ ಗೇರಿಗೂ ಹಾಗೆಯೇ. ಚೆನ್ನಾಗಿಯೇ ನೋಯುತ್ತಿತ್ತು. ಬೀದಿಯ ತುದಿ ದಾಟಿದ ಮೇಲೆ ಅವರು ಹಿಂಡಿದಾಗಲೇ ನಾನು ಗೇರು ಬದಲಿಸಿದೆ.