ಕೊಡದೊಳಗಿನ ಗುಟುಕು ನೀರು

ನಾನು ಒಂದು ಪ್ಲಾಸ್ಟಿಕ್ ಕೊಡ. ತಾಮ್ರದ್ದೋ ಹಿತ್ತಾಳೆಯದೋ ಆಗಿದ್ದರೆ ನನ್ನ ಹುಟ್ಟನ್ನು ಸ್ವಲ್ಪ ಜಂಬದಿಂದ ಹೇಳಿಕೊಳ್ಳಬಹುದಿತ್ತು. ಮುರಿದ ಕುರ್ಚಿ, ಸೀಳಿದ ಬಕೆಟ್, ಯಾರದೋ ಹರಿದ ಚಪ್ಪಲಿ, ಎಲ್ಲವನ್ನೂ ಕರಗಿಸಿ ಅಚ್ಚಿಗೆ ಸುರಿದಾಗ ಹುಟ್ಟಿದ್ದು ನಾನು. ಬಣ್ಣ ಮಾತ್ರ ಚೆಂದದ ನೀಲಿ. ಹಳೆ ಬಟ್ಟೆಗೆ ಪಾತ್ರೆ ಕೊಡುವವನ ಸೈಕಲ್ಲಿಗೆ ಜೋತುಬಿದ್ದು ಊರೂರು ತಿರುಗಿದೆ. ಕೊನೆಗೆ ಸಾವಂತ್ರೆವ್ವ ಎಂಬ ಹೆಂಗಸು ಗಂಡನ ಹಳೆಯ ಪ್ಯಾಂಟು ಕೊಟ್ಟು ನನ್ನನ್ನು ಮನೆಗೆ ಒಯ್ದಳು.

ಅವಳ ಓಣಿ ಊರಿನ ತುದಿಯಲ್ಲಿ, ರೈಲು ಹಳಿಯ ಆಚೆಗಿತ್ತು. ನಳ ಮಾತ್ರ ಹಳಿಯ ಈಚೆಗೇ ನಿಂತುಬಿಟ್ಟಿತ್ತು. ಹೆಂಗಸರು ಹಳಿ ದಾಟಿ ಬಂದು, ಕೊಡ ತುಂಬಿಕೊಂಡು, ಮತ್ತೆ ದಾಟಬೇಕು. ಗೂಡ್ಸ್ ಗಾಡಿ ಅಡ್ಡ ನಿಂತರೆ ಕೆಲವರು ಅದರ ಅಡಿಯಲ್ಲೇ ನುಸುಳುತ್ತಿದ್ದರು. ಒಂದು ದಿನ ಸಾವಂತ್ರೆವ್ವನ ಮಗಳು ಹಾಗೆ ನುಸುಳುವಾಗ ಗಾಡಿ ಅಲುಗಿತು. ಹುಡುಗಿ ಕೂದಲೆಳೆಯ ಅಂತರದಲ್ಲಿ ಪಾರಾದಳು. ಓಣಿಗೆ ನಳ ಹಾಕಿಸಿಯೇ ತೀರಬೇಕು ಎಂದು ಹೆಂಗಸರೆಲ್ಲ ಅವತ್ತೇ ಗಟ್ಟಿ ಮನಸ್ಸು ಮಾಡಿದರು.

ಮುಂದಾಳು ಹೊಲಿಗೆ ಮಾಡುವ ಮಾಬುಬಿ. "ಎಲ್ಲಾರೂ ಬರೇ ಕೊಡ ತಲಿ ಮ್ಯಾಲೆ ಹೊತ್ಕೊಂಡು ಪುರಸಭೆಗೆ ನಡೀರಿ. ಸಾಹೇಬ್ರ ಕಣ್ಣಿಗೆ ಕಾಣ್ಲಿ ನಮ್ಮ ಪಾಡು," ಎಂದಳು.

ಸಾವಂತ್ರೆವ್ವ ಹೂಂ ಅಂದಳು. ಆದರೆ ಒಳಗೊಳಗೇ ಪೇಚಾಟ. ಹೊರಟವರ ಎದುರು ಬರಿಗೊಡ ಬರಬಾರದು ಎಂದು ಅತ್ತೆ ಅವಳಿಗೆ ಕಲಿಸಿದ್ದಳು. ಪುರಸಭೆಗೆ ಹೊರಡುವ ಬೆಳಿಗ್ಗೆಯೇ ಗಂಡ ಲಾರಿ ತೆಗೆದುಕೊಂಡು ಬಳ್ಳಾರಿಗೆ ಹೊರಟಿದ್ದ. ಅವನು ಚಪ್ಪಲಿ ಮೆಟ್ಟುತ್ತಿರುವಾಗ ಅವಳು ಒಂದು ಗುಟುಕು ನೀರನ್ನು ಮೆಲ್ಲಗೆ ನನ್ನೊಳಗೆ ಹಾಕಿ, ಆಮೇಲೆ ಹೊಸ್ತಿಲು ದಾಟಿದಳು.

ಪುರಸಭೆಯ ಮೆಟ್ಟಿಲ ಮೇಲೆ ಮುಖ್ಯಾಧಿಕಾರಿ ಬಂದು ನಿಂತರು. ಮಾಬುಬಿ ಮನವಿ ಓದುತ್ತಿದ್ದಳು. ಕೇಳುತ್ತಿದ್ದ ಅವರ ಮುಖವೂ ಸ್ವಲ್ಪ ಮೆತ್ತಗಾಗಿತ್ತು. ಅಷ್ಟರಲ್ಲಿ ಪತ್ರಿಕೆಯ ಫೋಟೋದವನು ಕೂಗಿದ: "ಅಕ್ಕಾರ, ಎಲ್ಲಾರೂ ಒಮ್ಮೆ ಕೊಡ ಬೋರಲ ಹಾಕ್ರಿ, ಫೋಟೋ ಚಲೋ ಬರ್ತೈತಿ!"

ಎಲ್ಲರೂ ಹಾಕಿದರು. ಗಡಿಬಿಡಿಯಲ್ಲಿ ಸಾವಂತ್ರೆವ್ವನೂ ಹಾಕಿದಳು. ನನ್ನೊಳಗಿನ ನೀರು ಎದುರಿಗೇ ನಿಂತಿದ್ದ ಸಾಹೇಬರ ಬೂಟಿನ ಮೇಲೆ ಬಿತ್ತು.

"ನೀರು ಐತಲ್ಲವ್ವಾ! ಮತ್ತ ಯಾಕ ಬಂದೀರಿ?" ಎಂದರು ಸಾಹೇಬರು. ಪೊಲೀಸರು ನಕ್ಕರು, ಗುಮಾಸ್ತರು ನಕ್ಕರು, ಪಕ್ಕದ ಚಹಾದಂಗಡಿಯವರೂ ನಕ್ಕರು. ಮನವಿ ಅರ್ಧಕ್ಕೇ ನಿಂತಿತು. ಸಾಹೇಬರು ಜೀಪು ಹತ್ತಿದರು. ನನಗೆ ಮತ್ತೆ ಕರಗಿ ಅಚ್ಚಿನೊಳಗೆ ಸೇರಿಬಿಡಬೇಕು ಅನಿಸಿತು. ಗಂಡನ ಒಳಿತಿಗೆ ಹಾಕಿದ ನೀರು ಅದು ಎಂದು ಹೇಳಲು ನನಗೆ ಬಾಯಿತ್ತೇ ಹೊರತು ಮಾತಿರಲಿಲ್ಲ. ಸಾವಂತ್ರೆವ್ವನಿಗೆ ಮಾತಿತ್ತು, ಆದರೆ ನಾಚಿಕೆಯಿಂದ ಅವಳ ಬಾಯಿ ಕಟ್ಟಿಹೋಗಿತ್ತು.

ಮರುದಿನ ಪತ್ರಿಕೆಯಲ್ಲಿ ಬಂದದ್ದು ಒದ್ದೆ ಬೂಟಿನ ಫೋಟೋ. ಓಣಿಯಲ್ಲಿ ಅವಳನ್ನು ಯಾರೂ ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು. ನಳದ ಹತ್ತಿರ ಅವಳು ಬಂದರೆ ಮಾತು ನಿಲ್ಲುತ್ತಿತ್ತು. "ನಿಂದು ತುಂಬೇ ಇರ್ತೈತಲ್ಲ ತಾಯಿ," ಎಂದು ಒಬ್ಬಳು ಅಂದೇಬಿಟ್ಟಳು. ಮಗಳು ಮತ್ತೆ ಗಾಡಿಯ ಅಡಿ ನುಸುಳುವುದನ್ನು ಸಾವಂತ್ರೆವ್ವ ಎದೆ ಹಿಡಿದುಕೊಂಡು ನೋಡುತ್ತಿದ್ದಳು.

ಒಂದು ಮಧ್ಯಾಹ್ನ ಅವಳು ಒಲೆಯಲ್ಲಿ ಮೊಳೆ ಕಾಯಿಸಿ ನನ್ನ ತಳಕ್ಕೆ ಚುಚ್ಚಿದಳು. ನೋವಿಗಿಂತ ಹೆಚ್ಚಾಗಿ ನನಗೆ ಅವಮಾನವಾಯಿತು. ನೀರು ನಿಲ್ಲದ ಮೇಲೆ ನಾನೆಂಥ ಕೊಡ? ಅವಳು ನನ್ನನ್ನು ಹೊತ್ತು ಮಾಬುಬಿಯ ಮನೆಗೆ ನಡೆದಳು. "ನೋಡವಾ, ಅವತ್ತು ಮನಿಯವರು ಬಳ್ಳಾರಿಗೆ ಹೊಂಟಿದ್ರು, ಬರಿಗೊಡ ಎದುರಾಗಬಾರದಂತ ಗುಟುಕು ನೀರು ಹಾಕಿದ್ದೆ. ಇನ್ನ ಇದರಾಗ ಹನಿ ನಿಲ್ಲೂದಿಲ್ಲ. ನಾನೂ ಬರ್ತೀನಿ, ಕರಕೊಂಡು ಹೋಗು," ಎಂದಳು. ಮಾಬುಬಿ ತೂತಿನೊಳಗೆ ಬೆರಳಾಡಿಸಿದಳು. ಆಮೇಲೆ, "ಅವತ್ತು ನನಗರ ಒಂದು ಮಾತು ಹೇಳಬಾರದಿತ್ತೇನ?" ಎಂದು ಕಣ್ಣೊರೆಸಿಕೊಂಡಳು.

ಆಮೇಲೆ ಎಷ್ಟೋ ಸಲ ಪುರಸಭೆಗೆ ಹೋದೆವು. ಸಾವಂತ್ರೆವ್ವ ಪ್ರತಿ ಸಲವೂ ಮುಂದಿನ ಸಾಲಿನಲ್ಲಿ ನಿಂತಳು. ಸಾಹೇಬರು ಬದಲಾದರು, ಚುನಾವಣೆ ಬಂತು, ಹಳಿಯ ಕೆಳಗೆ ಪೈಪು ತೂರಿತು. ಈಗ ಓಣಿಯಲ್ಲೇ ನೀರು ಬರುತ್ತದೆ, ದಿನ ಬಿಟ್ಟು ದಿನ. ಹೊಸ ಕೊಡಗಳು ತುಂಬಿ ತುಳುಕುತ್ತವೆ. ನಾನು ಬಚ್ಚಲ ಮೂಲೆಯಲ್ಲಿ ಬಣ್ಣಗೆಟ್ಟು ಕೂತಿದ್ದೇನೆ.

ಬೇರೆ ಓಣಿಯ ಹೆಂಗಸರು ಆಗಾಗ ಬರುತ್ತಾರೆ. "ನಾಳೆ ಪುರಸಭೆಗೆ ಹೊಂಟೀವ್ರೀ. ಆ ತೂತಿನ ಕೊಡ ಕೊಡ್ತೀರೇನು?" ಎನ್ನುತ್ತಾರೆ. ಹನಿ ನೀರು ಹಿಡಿಯದ ಕೊಡ ಎಂದೇ ಹೆಸರಾದೆನಲ್ಲ ಎಂದು ನನಗೆ ಇವತ್ತಿಗೂ ತಲೆ ಎತ್ತಲಾಗುವುದಿಲ್ಲ. ಸಾವಂತ್ರೆವ್ವ ಇಲ್ಲ ಎನ್ನುವುದಿಲ್ಲ. ತರುತ್ತೇನೆಂದು ಒಳಗೆ ಬರುತ್ತಾಳೆ. ಹೊಸ ಕೊಡದಲ್ಲಿ ಬೆರಳು ಅದ್ದಿ, ಯಾರಾದರೂ ನೋಡುತ್ತಿದ್ದಾರೆಯೇ ಎಂದು ಬಾಗಿಲತ್ತ ಹೊರಳಿ, ನನ್ನ ಒಳಮೈಗೆ ಒಂದು ಸಲ ಒರೆಸುತ್ತಾಳೆ. ಬೋರಲು ಹಾಕಿದರೂ ಬೀಳದಷ್ಟು ನೀರು. ಆಮೇಲೆ ನನ್ನನ್ನು ಹೊಸ್ತಿಲು ದಾಟಿಸುತ್ತಾಳೆ.