ಅಕ್ಕನ ಅಗಲ ಮೂತಿಯ ಶೂ

ಆಳು ಕುಳ್ಳಿ, ಬಾಯಿ ಖಾರ. ಹಾಗಾಗಿ ಮನೆಯಲ್ಲಿ ಅವಳಿಗೆ ‘ಮೆಣಸು’ ಎಂದೇ ಹೆಸರು. ಅತ್ತರಿನ ಅಂಗಡಿಯಲ್ಲಿ ವರ್ಷಗಟ್ಟಲೆ ಎತ್ತರದ ಹಿಮ್ಮಡಿಯ ಚಪ್ಪಲಿ ಹಾಕಿ ಗಿರಾಕಿಗಳಿಗೆ ನಗುತ್ತಾ ನಿಂತೂ ನಿಂತೂ ಅವಳ ಕಾಲಿನ ಹೆಬ್ಬೆರಳು ಪಕ್ಕದ ಬೆರಳಿನ ಮೇಲೆ ಹತ್ತಿ ಕೂತಿತ್ತು. ಸಂಜೆಯಾದರೆ ಮೀನಖಂಡ ಕಲ್ಲಾಗುತ್ತಿತ್ತು. ಆಸ್ಪತ್ರೆಯಲ್ಲಿ ರೋಗಿಗಳಿಗೆ ಮತ್ತೆ ನಡೆಯಲು ಕಲಿಸುವುದೇ ಕಸುಬಾಗಿದ್ದ ಅಕ್ಕ, ಆ ಚಪ್ಪಲಿ ಬಿಡು ಎಂದು ತಂಗಿಗೆ ಹೇಳಿ ಹೇಳಿ ಸೋತಿದ್ದಳು.

ಈಗ ಅಕ್ಕನೇ ಹಾಸಿಗೆ ಹಿಡಿದಿದ್ದಳು. ಕಾಯಿಲೆ ಬೆನ್ನುಮೂಳೆಗೆ ಇಳಿದಿತ್ತು. ನೋಡಿಕೊಳ್ಳಲು ಬಂದ ಮೆಣಸು ಮಂಚದ ಪಕ್ಕ ಕೂತು ಪಾದ ಒತ್ತಿಕೊಳ್ಳುವುದನ್ನು ಕಂಡು, “ಕಪಾಟಲ್ಲಿ ನನ್ನ ಶೂ ಇದೆ, ಹಾಕ್ಕೋ. ನಿಂದೂ ಅದೇ ಅಳತೆ” ಎಂದಳು ಅಕ್ಕ.

ಮೂತಿ ಅಗಲ, ಹಿಮ್ಮಡಿ ಸಪಾಟು, ಅಡಿ ರಟ್ಟಿನಷ್ಟು ತೆಳು.

“ಇದೇನೇ, ಬಾತುಕೋಳಿ ಕಾಲಿನ ಹಾಗಿದೆ?”

“ಬಾತುಕೋಳಿ ಕಾಲುನೋವು ಅಂತ ಅತ್ತಿದ್ದು ಯಾವತ್ತಾದ್ರೂ ಕೇಳಿದೀಯಾ?”

ಮೆಣಸು ನಕ್ಕಳು. ಆಮೇಲೆ ಮೆಲ್ಲಗೆ ಕೇಳಿದಳು: “ನಿಂಗೆ ಬೇಡ್ವಾ?”

“ನಾನಿನ್ನು ಎಲ್ಲಿಗೆ ಹೋಗ್ಬೇಕು, ಹೇಳು.”

ತಂಗಿ ತಲೆ ತಗ್ಗಿಸಿ ಶೂವಿನ ಲಾಡಿ ಕಟ್ಟಿಕೊಂಡಳು.

“ಒಂದೇ ಸಲ ಊರು ಸುತ್ತೋಕೆ ಹೋಗ್ಬೇಡ,” ಅಕ್ಕ ಪಾಠ ಶುರು ಮಾಡಿದಳು. “ಮೊದಲು ಮನೆಯೊಳಗೇ ಸ್ವಲ್ಪ ಸ್ವಲ್ಪ. ಕುಗ್ಗಿಹೋದ ಸ್ನಾಯು ಹಿಗ್ಗೋಕೆ ಟೈಮ್ ಬೇಕು. ಚಿಕ್ಕ ಹೆಜ್ಜೆ ಇಡು. ಬೆರಳು ಅಗಲಿಸು.”

ಮೊದಲ ವಾರ ಮೀನಖಂಡ ಹರಿದುಹೋದಂತೆ ನೋಯಿತು. ಕಿಟಕಿಯಿಂದ ಬಾಗಿಲಿಗೆ, ಬಾಗಿಲಿಂದ ಕಿಟಕಿಗೆ ಮೆಣಸು ನಡೆಯುತ್ತಿದ್ದಳು. ಕತ್ತು ತಿರುಗಿಸಲಾರದ ಅಕ್ಕ ಕಣ್ಣು ಮುಚ್ಚಿ, ಹೆಜ್ಜೆಯ ಸದ್ದಿನಲ್ಲೇ ತಪ್ಪು ಹಿಡಿಯುತ್ತಿದ್ದಳು. “ಹಿಮ್ಮಡಿ ಕುಟ್ಟಬೇಡ. ಎಡಗಾಲು ಎಳೀತಿದೀಯ.” ತಂಗಿಯ ಕಾಲಿಗೆ ಬಲ ಬರುತ್ತಾ ಹೋಯಿತು, ಅಕ್ಕನ ಕಾಲು ಕಂಬಳಿಯಡಿ ಕಡ್ಡಿಯಾಗುತ್ತಾ ಹೋಯಿತು. ಆ ಕಾಲು ತಿಕ್ಕುವಾಗ ಮೆಣಸಿಗೆ ತಾನೇ ಏನೋ ಕದ್ದಂತೆ ಅನಿಸುತ್ತಿತ್ತು.

ಒಂದು ಮಧ್ಯಾಹ್ನ ಅಕ್ಕ ಕಣ್ಣು ಮುಚ್ಚಿಕೊಂಡೇ, “ಯಾಕೆ ನಿಂತುಬಿಟ್ಟೆ? ನಡಿ” ಎಂದಳು.

“ನಡೀತಾನೇ ಇದ್ದೀನಲ್ಲ, ಅಕ್ಕಾ.”

ಅಕ್ಕ ಕಿವಿಗೊಟ್ಟಳು. ಸದ್ದೇ ಇರಲಿಲ್ಲ. ಒಣಗಿದ ತುಟಿ ಅರಳಿತು. “ಹಾಗಿದ್ರೆ ಸರಿಹೋಯ್ತು ಬಿಡು.”

ಅದಾದ ಮೇಲೆ ಅಕ್ಕ ಹೆಚ್ಚು ಮಾತಾಡಲಿಲ್ಲ. ವಾರ ತುಂಬುವುದರೊಳಗೆ ಹೋಗಿಬಿಟ್ಟಳು.

ಮೆಣಸು ಅದೇ ಶೂ ಹಾಕಿಕೊಂಡು ಕೆಲಸಕ್ಕೆ ಮರಳಿದಳು. ಕೌಂಟರ್ ಈಗ ಅವಳ ಎದೆಮಟ್ಟಕ್ಕೆ ಬರುತ್ತಿತ್ತು. ಮ್ಯಾನೇಜರ್ ಕಾಲು ನೋಡಿ ಹುಬ್ಬೇರಿಸಿದ. “ಇನ್ಮೇಲೆ ಹೀಗೇ ಸರ್,” ಎಂದಳು. ಅವಳ ಮುಖ ನೋಡಿ ಅವನು ತನ್ನ ಕೆಲಸಕ್ಕೆ ಹೋದ.

“ಶೂ ಚೆನ್ನಾಗಿದೆ. ಎಲ್ಲಿ ತಗೊಂಡ್ರಿ?” ಗಿರಾಕಿ ಹೆಂಗಸೊಬ್ಬಳು ಕೇಳಿದಳು.

“ನಮ್ಮಕ್ಕಂದು,” ಎಂದಳು ಮೆಣಸು. ಬಾಟಲಿ ತರುವ ನೆಪದಲ್ಲಿ ಹಿಂದಿನ ಕೋಣೆಗೆ ಹೋಗಿ, ಪೆಟ್ಟಿಗೆಗಳ ನಡುವೆ ನಿಂತು ಅತ್ತಳು. ಆಮೇಲೆ ಮುಖ ಒರೆಸಿಕೊಂಡು ಹೊರಗೆ ಬಂದಳು. ಆ ಹೆಂಗಸು ಇನ್ನೂ ಕಾಯುತ್ತಿದ್ದಳು.